ಬ್ರೇಕ್ ತೆಗೆದುಕೊಳ್ಳದ ಕೌಸಲ್ಯಾ

"ಬರೂ ಶನಿವಾರದಿಂದ ನಮ್ಮ ಗ್ಯಾರೇಜಿನ್ಯಾಗ ಬ್ಲೂಗ್ರಾಸ್," ಎಂದು ಪ್ರಾಣೇಶ ಊಟದ ನಡುವೆ ಹೇಳಿದಾಗ, ಅವನು ಕೇಳದಿದ್ದರೂ ಕೌಸಲ್ಯಾ ಇನ್ನೊಂದು ಚಪಾತಿ ಬಡಿಸಿದಳು. ಅಷ್ಟು ಸಂತೋಷವಾಗಿತ್ತು ಅವಳಿಗೆ.

ಅಮೆರಿಕದ ಕೆಂಡಲ್ ಪಾರ್ಕಿನಲ್ಲಿದ್ದ ಅವರ ಮನೆಯ ಮುಂದಿನ ಲಾನು ಎರಡು ಬೇಸಿಗೆಯಿಂದ ಕೂದಲು ಉದುರಿದವರ ನೆತ್ತಿಯ ಹಾಗಿತ್ತು. ಪಕ್ಕದ ಮನೆಯ ಮುದುಕ ಬೇಲಿಯ ಆಚೆಯಿಂದ ಎರಡು ಸಲ ಹೇಳಿದ್ದ, ಬ್ಲೂಗ್ರಾಸ್ ಬೀಜ ಹಾಕಿ, ಎಲ್ಲ ಸರಿಹೋಗುತ್ತದೆ ಎಂದು. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ಕಳೆ ಕೀಳುವುದು ಎಲ್ಲ ಕೌಸಲ್ಯಾಳ ಪಾಲು. ಪ್ರಾಣೇಶನಿಗೆ ಲಾನು ಎಂದರೆ ಕಾರಿನಿಂದ ಬಾಗಿಲಿಗೆ ಬರುವಾಗ ಬದಿಯಲ್ಲಿ ಕಾಣುವ ಒಂದು ಬಣ್ಣ. ಅಂಥವನೇ ಈಗ ತಾನಾಗಿ ಬಾಯಿಬಿಟ್ಟಿದ್ದಾನೆ. ಶುಕ್ರವಾರ ಅವಳು ಗ್ಯಾರೇಜು ಗುಡಿಸಿದಳು. ಬೀಜದ ಚೀಲಗಳಿಗೆ ತೇವ ಹಿಡಿಯದಿರಲೆಂದು ಹಲಗೆ ಹಾಸಿದಳು. ಮಣ್ಣು ಕೆದಕುವ ಹೊಸ ರೇಕು ತಂದು ಗೋಡೆಗೆ ಒರಗಿಸಿಟ್ಟಳು.

ಶನಿವಾರ ಎರಡು ಗಂಟೆಗೆ ಒಂದು ಸ್ಟೇಷನ್ ವ್ಯಾಗನ್ ಬಂದು ನಿಂತು, ಅದರಿಂದ ಮೂವರು ಅಮೆರಿಕನ್ನರು ಇಳಿದರು. ಒಬ್ಬನ ಕೈಯಲ್ಲಿ ಗಿಟಾರು, ಒಬ್ಬನ ಕೈಯಲ್ಲಿ ಪಿಟೀಲು. ಮೂರನೆಯವನು ಬ್ಯಾಸ್ ಎಂಬ, ಬಟ್ಟೆ ಕಪಾಟಿನಷ್ಟು ದೊಡ್ಡ ತಂತಿವಾದ್ಯವನ್ನು ತಬ್ಬಿಕೊಂಡು ಓರೆಯಾಗಿ ನಡೆದು ಬಂದ. ಗಿಟಾರಿನವನು ಹಲಗೆ ನೋಡಿ, "ಓಹೋ, ಸ್ಟೇಜನ್ನೂ ಕಟ್ಟಿಸಿದ್ದೀರಿ!" ಎಂದು ಕೌಸಲ್ಯಾಳ ಕೈ ಕುಲುಕಿದ.

"ರೀ, ಬೀಜ ಎಲ್ಲಿ?" ಎಂದಳು ಅವಳು ಗಂಡನಿಗೆ.

"ಯಾವ ಬೀಜ?" ಎಂದ ಪ್ರಾಣೇಶ. ಅವನ ಕೊರಳಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬ್ಯಾಂಜೊ ನೇತಾಡುತ್ತಿತ್ತು.

ಅದು ಎಪ್ಪತ್ನಾಲ್ಕರ ವಸಂತ. ಹಿಂದಿನ ಚಳಿಗಾಲದಲ್ಲಿ ಗ್ಯಾಸಿಗೆ, ಅಂದರೆ ಪೆಟ್ರೋಲಿಗೆ, ಬರ ಬಂದು, ಬೆಸ ನಂಬರಿನ ಕಾರಿಗೆ ಒಂದು ದಿನ, ಸಮ ನಂಬರಿನದಕ್ಕೆ ಒಂದು ದಿನ ಎಂದು ಸರಕಾರ ನಿಯಮ ಮಾಡಿತ್ತು. ರೂಟ್ ಒನ್ ಬದಿಯ ಲ್ಯಾಬೊಂದರಲ್ಲಿ ಎಂಜಿನಿಯರ್ ಆಗಿದ್ದ ಪ್ರಾಣೇಶ, ಸಹೋದ್ಯೋಗಿಗಳಾದ ಗಿಟಾರಿನ ವಾಲ್ಟರ್, ಬ್ಯಾಸಿನ ಮರ್ರಿ, ಪಿಟೀಲಿನ ಲಾಯ್ಡ್ ಜತೆ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗಿಬರತೊಡಗಿದ್ದ. ವಾಲ್ಟರ್ ಕಾರು ನಡೆಸುತ್ತ ತಾನೇ ಕಟ್ಟಿದ ಹಾಡು ಹೇಳುವವನು. ಹಾಡು ಹೊಸದು, ಧಾಟಿ ಮಾತ್ರ ದಕ್ಷಿಣದ ಗುಡ್ಡಗಾಡಿನ ಹಳೆಯ ಬ್ಲೂಗ್ರಾಸಿನದು. ಡ್ರಮ್ ಇಲ್ಲ, ಕರೆಂಟಿನ ವಾದ್ಯ ಇಲ್ಲ, ತಂತಿ ಮತ್ತು ಗಂಟಲು ಅಷ್ಟೇ. ಗ್ಯಾಸಿನ ಬರ ಮುಗಿಯಿತು, ಬ್ಯಾಂಡು ಉಳಿಯಿತು. ಅದಕ್ಕೆ 'ರಾರಿಟನ್ ರಿಡ್ಜ್ ಬಾಯ್ಸ್' ಎಂದು ಹೆಸರಿಟ್ಟರು. ರಾರಿಟನ್ ಎಂಬ ನದಿಯೇನೋ ಇದೆ. ರಿಡ್ಜ್ ಎಂಬ ಗುಡ್ಡ ಹುಡುಕಬೇಕೆಂದರೆ ಒಂದು ಗಂಟೆ ಡ್ರೈವ್ ಮಾಡಬೇಕು.

ವಾಲ್ಟರನ ಹಾಡುಗಳಲ್ಲಿ ಯಾರಾದರೂ ಒಬ್ಬರು ಕಲ್ಲಿದ್ದಲ ಗಣಿಯಲ್ಲಿ ಸಿಕ್ಕಿಕೊಂಡಿರುತ್ತಿದ್ದರು, ಹೆಚ್ಚಾಗಿ ಅವನ ಅಪ್ಪ. ಮೊದಲ ವಾರ ಕೌಸಲ್ಯಾ ಮಜ್ಜಿಗೆ ಕೊಡುವಾಗ ಮೆಲ್ಲಗೆ ಕೇಳಿದಳು, "ಅಪ್ಪನಿಗೆ ಎಷ್ಟು ವಯಸ್ಸಾಗಿತ್ತು?" ವಾಲ್ಟರ್, "ಅರವತ್ತೆಂಟು. ಮೆಟಚನ್‌ನಲ್ಲಿ ಇನ್ಶೂರೆನ್ಸ್ ಮಾರುತ್ತಾರೆ. ನಿಮಗೂ ಬೇಕೆ?" ಎಂದ.

ಅಂದಿನಿಂದ ಶನಿವಾರ ಎಂದರೆ ಕೌಸಲ್ಯಾಳಿಗೆ ಎರಡರಿಂದ ಐದರವರೆಗೆ ಅಡಿಗೆಮನೆ. ಗ್ಯಾರೇಜಿಗೂ ಅಡಿಗೆಮನೆಗೂ ನಡುವೆ ಒಂದೇ ಬಾಗಿಲು. ಗಂಡಸರು ಅಲ್ಲಿ ಪ್ರತಿ ಹಾಡಿನ ನಡುವೆ, "ಟೇಕ್ ಅ ಬ್ರೇಕ್, ಲಾಯ್ಡ್!" "ಬ್ರೇಕ್, ಪ್ರಾಣೇಶ್!" ಎಂದು ಕೂಗುವುದು ಅವಳಿಗೆ ಕೇಳಿಸುತ್ತಿತ್ತು. ಬ್ರೇಕ್ ಎಂದರೆ ವಿರಾಮ, ವಿರಾಮವೆಂದರೆ ಕಾಫಿ. ಹಾಗಾಗಿ ಕೂಗು ಬಿದ್ದಾಗಲೆಲ್ಲ ಅವಳು ಟ್ರೇ ಹಿಡಿದು ಹೋಗುತ್ತಿದ್ದಳು. ಒಂದು ಮಧ್ಯಾಹ್ನಕ್ಕೆ ಇಪ್ಪತ್ತಮೂರು ಕಪ್ಪು. ಅವರು ಕುಡಿದರು. ಭಾರತೀಯರ ಆತಿಥ್ಯವೇ ಹೀಗೆಂದು ಮರ್ರಿ ಹೆಂಡತಿಗೆ ಹೇಳಿದನಂತೆ. ಆ ರಾತ್ರಿಗಳಲ್ಲಿ ಮರ್ರಿಗೆ ನಿದ್ದೆ ಬರುತ್ತಿರಲಿಲ್ಲವಂತೆ.

"ಎಂಥಾ ಮೈಗಳ್ಳರವಾ ಇವರು," ಎಂದು ಕೌಸಲ್ಯಾ ಸಮರ್‌ಸೆಟ್ಟಿನ ಗೆಳತಿ ರಾಜಿಗೆ ಫೋನಿನಲ್ಲಿ ಹೇಳಿದಳು. "ಎರಡು ನಿಮಿಷ ಬಾರಸ್ತಾರ, ಬ್ರೇಕ್ ಅಂತಾರ."

"ನಮ್ಮನೇಲಿ ಬ್ಯಾಂಜೊ ಕೂಡ ಬಾರಿಸಲ್ಲ, ಬರೀ ಬ್ರೇಕೇ ಕಣ್ರೀ," ಎಂದಳು ಮೈಸೂರಿನ ರಾಜಿ.

ಜುಲೈಯಲ್ಲಿ ಲಾಯ್ಡ್‌ಗೆ ರೋಚೆಸ್ಟರಿಗೆ ವರ್ಗವಾಯಿತು. ಬ್ಯಾಂಡಿನ ಪಿಟೀಲು ಹೋಯಿತು. ಆಗಸ್ಟ್ ಕೊನೆಗೆ, ನದಿಯ ಪಶ್ಚಿಮಕ್ಕೆ ಒಂದು ಅಗ್ನಿಶಾಮಕ ದಳದ ಮೈದಾನದಲ್ಲಿ ಬ್ಲೂಗ್ರಾಸ್ ಸ್ಪರ್ಧೆ ಇತ್ತು. ಹಾಡು ಸ್ವಂತದ್ದಿರಬೇಕು, ಶೈಲಿ ಹಳೆಯದಿರಬೇಕು, ಪಿಟೀಲು ಇರಲೇಬೇಕು. ಮೂವರೂ ಗ್ಯಾರೇಜಿನಲ್ಲಿ ಸೂತಕದ ಮನೆಯವರ ಹಾಗೆ ಕೂತು ಕೌಸಲ್ಯಾ ಕರಿದ ಭಜಿ ತಿನ್ನುತ್ತಿದ್ದಾಗ, ಏಳು ವರ್ಷದ ಮಗಳು ಅನು ಒಳಗಿನಿಂದ ಬಂದು, "ಅಮ್ಮಾ ಹ್ಯಾಸ್ ಅ ವಯಲಿನ್. ಇಟ್ಸ್ ಬಿಹೈಂಡ್ ದಿ ವ್ಯಾಕ್ಯೂಮ್," ಎಂದಳು.

"ಅದು ಬ್ಯಾರೆ ತರದ್ದು," ಎಂದ ಪ್ರಾಣೇಶ ಅವಸರದಿಂದ. "ಆಕಿ ನೆಲದ ಮ್ಯಾಲೆ ಕೂತು ಬಾರಸ್ತಾಳ."

ಧಾರವಾಡದಲ್ಲಿ ಕೌಸಲ್ಯಾ ಒಂಬತ್ತು ವರ್ಷ ಪಿಟೀಲು ಕಲಿತಿದ್ದಳು. ಮದುವೆಯ ಹಿಂದಿನ ತಿಂಗಳು ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ಪಾಸಾಗಿದ್ದಳು. ಮೊದಲ ಪ್ರಸಾರದ ತಾರೀಖು ಇದ್ದ ಕಾಗದವೂ ಬಂತು. ಆ ತಾರೀಖಿನ ಬೆಳಿಗ್ಗೆ ಅವಳು ಹುಬ್ಬಳ್ಳಿಯಲ್ಲಿ, ಅತ್ತೆಮನೆಯ ಸತ್ಯನಾರಾಯಣ ಪೂಜೆಗೆ ಮೂವತ್ತು ಸೇರು ರವೆ ಹುರಿಯುತ್ತಿದ್ದಳು. ರೇಡಿಯೋದವರು ಅವಳ ಬದಲು ಯಾರದೋ ರೆಕಾರ್ಡು ಹಾಕಿದರು. ಆಮೇಲೆ ಅನು, ಅಮೆರಿಕ, ವ್ಯಾಕ್ಯೂಮ್ ಕ್ಲೀನರು. ಪರೀಕ್ಷಕರನ್ನು ಬಿಟ್ಟರೆ ಅವಳ ವಾದನವನ್ನು ಹೊರಗಿನವರು ಒಬ್ಬರೂ ಕೇಳಿರಲಿಲ್ಲ. ಒಮ್ಮೆ, ಒಂದೇ ಒಮ್ಮೆ, ಗುರುತಿಲ್ಲದ ನಾಲ್ಕು ಜನರ ಮುಂದೆ ಬಾರಿಸಬೇಕೆಂಬ ಆಸೆ ಅವಳಿಗೆ ಇತ್ತು. ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ವಾಲ್ಟರ್ ಕೇಳಿದ. ಅವಳು ಎಣ್ಣೆಯ ಕೈ ಸೆರಗಿಗೆ ಒರೆಸಿಕೊಂಡು, ಪೆಟ್ಟಿಗೆ ತಂದು, ಬೀಜಕ್ಕೆಂದು ಹಾಸಿದ್ದ ಹಲಗೆಯ ಮೇಲೆ ಕಾಲು ಮಡಚಿ ಕೂತಳು. ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿಗೆ ಊರಿ, ಶನಿವಾರ ಶನಿವಾರ ಕೇಳಿದ್ದ ಗಣಿಯ ಹಾಡನ್ನು ಬಾರಿಸಿದಳು. ಅದರಲ್ಲಿ ಅಪ್ಪ ಈ ಸಲ ನಿಜವಾಗಿಯೂ ಸತ್ತ ಹಾಗಿತ್ತು. ಮರ್ರಿ ಭಜಿಯನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟ. "ಯು ಆರ್ ಇನ್," ಎಂದ ವಾಲ್ಟರ್.

ಮುಂದಿನ ಶನಿವಾರ ಮೊದಲ ತಾಲೀಮು. ಹಾಡಿನ ಎರಡು ನುಡಿ ಮುಗಿಯುತ್ತಲೂ ವಾಲ್ಟರ್ ಅವಳತ್ತ ತಿರುಗಿ ಗಲ್ಲ ಎತ್ತಿ, "ಟೇಕ್ ಅ ಬ್ರೇಕ್, ಕೌಸಲ್ಯಾ!" ಎಂದ.

ಕೌಸಲ್ಯಾ ಕೈ ನಿಲ್ಲಿಸಿದಳು. ಬೆಳಿಗ್ಗೆ ಐದೂವರೆಗೆ ಎದ್ದಿದ್ದಳು. ದೋಸೆ, ಬಟ್ಟೆ ಒಗೆತ, ಲಾನು, ಅನೂಳ ಸ್ನಾನ, ಇವರಿಗೆಲ್ಲ ಉಪ್ಪಿಟ್ಟು ಮುಗಿಸಿ ಬಂದು ಕೂತಿದ್ದಳು. ಎಂಟು ವರ್ಷದ ಸಂಸಾರದಲ್ಲಿ ಯಾರ ಬಾಯಲ್ಲೂ ಬಾರದ ಮಾತು ಇದು. ಈ ಪರಕೀಯನಿಗೆ ಹೇಗೆ ತಿಳಿಯಿತೋ? "ಥ್ಯಾಂಕ್ ಯು," ಎಂದು ಕಮಾನನ್ನು ಕೆಳಗಿಟ್ಟು, ಗೋಡೆಗೆ ಒರಗಿ, ಕಣ್ಣು ಮುಚ್ಚಿದಳು.

ಗಿಟಾರೂ ಬ್ಯಾಸೂ ಅವಳಿಗಾಗಿ ಜಾಗ ಬಿಟ್ಟುಕೊಂಡು ಮೆಲ್ಲಗೆ ನಡೆದವು. ಆ ಜಾಗ ಖಾಲಿ ಉಳಿಯಿತು. ಮೂರನೆಯ ನುಡಿಯ ನಂತರ ವಾಲ್ಟರ್ ಇನ್ನೂ ಗಟ್ಟಿಯಾಗಿ, "ಬ್ರೇಕ್, ಕೌಸಲ್ಯಾ!" ಎಂದ.

"ಇನ್ನೂ ತೆಗೆದುಕೊಳ್ಳುತ್ತಿದ್ದೇನೆ," ಎಂದಳು ಅವಳು ಕಣ್ಣು ತೆರೆಯದೆ.

ವಾಲ್ಟರ್ ಪ್ರಾಣೇಶನ ಮುಖ ನೋಡಿದ. ಪ್ರಾಣೇಶ ಗಂಭೀರವಾಗಿ, "ನಮ್ಮ ಕಡೆಯ ಹೆಂಗಸರಿಗೆ ಸಂಕೋಚ ಹೆಚ್ಚು," ಎಂದು ಇಂಗ್ಲಿಷಿನಲ್ಲಿ ವಿವರಿಸಿ, ಆ ಖಾಲಿ ಜಾಗವನ್ನು ತನ್ನ ಬ್ಯಾಂಜೊದಿಂದ ತುಂಬಿಸಿದ. ಹೆಂಡತಿಯನ್ನು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಆ ಜಾಗ ಅವನಿಗೆ ಚೆನ್ನಾಗಿಯೇ ಒಗ್ಗಿತು. ಮುಂದಿನ ಶನಿವಾರವೂ ಒಗ್ಗಿತು.

"ಭಾಳ ಛಲೋ ಮಂದಿರಿ," ಎಂದು ಕೌಸಲ್ಯಾ ರಾಜಿಗೆ ಹೇಳಿದಳು. "ನಾನೇ ತಪ್ಪು ತಿಳಕೊಂಡಿದ್ದೆ. ಹಾಡಿಗೆ ಎರಡು ಸಲ, ದಣಿವಾರಿಸಿಕೋ ಅಂತಾರ."

"ನಿಮ್ಮ ಬ್ಯಾಂಡಲ್ಲಿ ಇನ್ನೊಂದು ಜಾಗ ಇದ್ರೆ ಹೇಳ್ರೀ. ತಾಳ ಹಾಕ್ತೀನಿ," ಎಂದಳು ರಾಜಿ.

ಸ್ಪರ್ಧೆಗೆ ಮೂರು ವಾರ ಇರುವಾಗ, ಒಂದು ಸಂಜೆ ಪ್ರಾಣೇಶ ಕೆಲಸದಿಂದ ಬಂದು ಬೂಟು ಬಿಚ್ಚದೆ ಅಡಿಗೆಮನೆಯ ಬಾಗಿಲಲ್ಲಿ ನಿಂತ. ಕೌಸಲ್ಯಾ ಬದನೆಕಾಯಿ ಹೆಚ್ಚುತ್ತಿದ್ದಳು.

"ವಾಲ್ಟರ್ ಟ್ರೆಂಟನ್ನಿನ್ಯಾಗ ಯಾವನೋ ಫಿಡ್ಲ್‌ದವನ್ನ ನೋಡ್ಯಾನಂತ," ಎಂದ. "ನಿನ್ನ ಬಗ್ಗೆ ಏನೂ ಸಿಟ್ಟಿಲ್ಲಂತ. ಆದ್ರ ನೀ ಬ್ರೇಕ್ ತಗೊಳ್ಳಂಗೇ ಇಲ್ಲಲ್ಲ."

ಚಾಕು ನಿಂತಿತು. "ಏನಂದ್ರಿ?"

"ಬ್ರೇಕ್. ತಗೊಳ್ಳಂಗಿಲ್ಲಂತ."

"ಎಷ್ಟು ತಗೋಬೇಕ್ರೀ ಇನ್ನ?" ಕೌಸಲ್ಯಾಳ ದನಿ ಏರಿತು. "ತಗೋ ಅಂದಾಗೊಮ್ಮೆ ತಗೊಂಡೀನಿ! ಹೋದ ಶನಿವಾರ ಒಂದು ಸಲ ನಿದ್ದಿನೂ ಹತ್ತಿತ್ತು!"

ಪ್ರಾಣೇಶ ಅವಳನ್ನೇ ನೋಡಿದ. ಮೆಲ್ಲಗೆ ಅವನಿಗೆ ಅರ್ಥವಾಗತೊಡಗಿತು. ಅರ್ಥವಾದಷ್ಟೂ ಅವನು ಬಾಗಿಲಿನಿಂದ ಹಿಂದೆ ಸರಿದ.

"ಬ್ರೇಕ್ ಅಂದ್ರ ರೆಸ್ಟ್ ಅಲ್ಲ," ಎಂದ. "ಬ್ಲೂಗ್ರಾಸಿನ್ಯಾಗ ಬ್ರೇಕ್ ಅಂದ್ರ... ಹಾಡು ನಿಲ್ಲಸಿ ಒಬ್ಬೊಬ್ಬರೇ ಮುಂದ ಬಂದು ಬಾರಸೂದು. ಉಳದವ್ರು ಹಿಂದ ಸಣ್ಣಗ ಸಾಥ್ ಕೊಡೂದು. ನಿನ್ನ ಪಾಳಿ ಬಂತು, ಬಾರಸು, ಅಂತ."

ಕೌಸಲ್ಯಾ ಚಾಕು ಕೆಳಗಿಟ್ಟಳು. ಗ್ಯಾರೇಜಿನ ಆ ಖಾಲಿ ಜಾಗಗಳು ಒಂದೊಂದಾಗಿ ನೆನಪಾದವು. ಅವಳಿಗಾಗಿ ಮೂವರು ಕಾಯುತ್ತಿದ್ದರು, ಅವಳು ಗೋಡೆಗೆ ಒರಗಿ ಥ್ಯಾಂಕ್ ಯು ಹೇಳುತ್ತಿದ್ದಳು.

"ಹಂಗಾದ್ರ ನನ್ನ ಪಾಳಿ ಯಾರು ಬಾರಸಿದ್ರು?"

ಪ್ರಾಣೇಶ ಬೂಟಿನ ದಾರ ಬಿಚ್ಚಲು ಬಗ್ಗಿದ.

"ಏನ್ರೀ, ನಿಮ್ಮನ್ನ ಕೇಳೂದು."

"ಖಾಲಿ ಬಿದ್ದಿತ್ತಲ್ಲ ಅಂತ..." ಎಂದ ನೆಲಕ್ಕೆ.

ಕೌಸಲ್ಯಾ ಆಗಲೇ ವಾಲ್ಟರ್‌ಗೆ ಫೋನ್ ಮಾಡಿದಳು. ಟ್ರೆಂಟನ್ನಿನವನು ಬೇಡ, ಶನಿವಾರ ಬನ್ನಿ, ಈ ಸಲ ಬ್ರೇಕ್ ತೆಗೆದುಕೊಳ್ಳುತ್ತೇನೆ, ನಿಮ್ಮ ಅರ್ಥದಲ್ಲಿ, ಎಂದಳು. "ಅದಕ್ಕೆ ಮೊದಲು ನಿಮ್ಮ ಅರ್ಥದಲ್ಲಿ ಏನಿತ್ತು?" ಎಂದು ವಾಲ್ಟರ್ ಕೇಳಿದ. ಅವಳು ಹೇಳಿದಳು. ಅವನು ಫೋನಿನಲ್ಲಿ ನಗುವುದನ್ನು ನಿಲ್ಲಿಸಲು ಒಂದು ನಿಮಿಷ ಬೇಕಾಯಿತು. ಆಮೇಲೆ ಷರತ್ತು ಹಾಕಿದ. ಶನಿವಾರ ಸರಿಯಾಗಿ ಬಾರಿಸಿದರೆ ಉಂಟು, ಇಲ್ಲದಿದ್ದರೆ ಟ್ರೆಂಟನ್.

ಫೋನಿಟ್ಟು ಅವಳು ಗಂಡನಿಗೆ ಹೇಳಿದಳು, "ನನಗ ದಿನಾ ಎರಡು ತಾಸು ಬೇಕು."

"ತಗೋ. ಯಾರು ಬ್ಯಾಡಂದಾರ?"

"ಎಲ್ಲಿಂದ ತಗೊಳ್ಳಿ? ತೋರಸ್ರಿ."

ಪ್ರಾಣೇಶ ಎಂಜಿನಿಯರ್. ಲ್ಯಾಬಿನಿಂದ ತಂದ ಚೌಕಳಿ ಕಾಗದ ಹರವಿ, ಅವಳ ದಿನವನ್ನು ಕಾಲುಗಂಟೆಯ ಮನೆಗಳಲ್ಲಿ ತುಂಬತೊಡಗಿದ. ಬೆಳಗಿನ ಡಬ್ಬಿ ಕಟ್ಟುವಲ್ಲಿಗೆ ಬರುವಾಗ ಸಿಳ್ಳು ಹಾಕುತ್ತಿದ್ದ. ಮಧ್ಯಾಹ್ನದ ಲಾಂಡ್ರಿಗೆ ಬರುವಾಗ ಸಿಳ್ಳು ನಿಂತಿತು. ರಾತ್ರಿ ಹಾಲಿಗೆ ಹೆಪ್ಪು ಹಾಕುವಲ್ಲಿಗೆ ಕಾಗದ ಮುಗಿದು, ಇನ್ನೊಂದು ಹಾಳೆ ಅಂಟಿಸಬೇಕಾಯಿತು. ಒಟ್ಟಾರೆ ಖಾಲಿ ಉಳಿದದ್ದು ಒಂದು ಕಾಲುಗಂಟೆ.

"ಇದರಾಗ ಏನು ಮಾಡ್ತಿ?" ಎಂದು ಆಸೆಯಿಂದ ಕೇಳಿದ.

"ನೀವು ಕಾರಿನ ಕೀಲಿ ಎಲ್ಲಿಟ್ಟೀರಿ ಅಂತ ಹುಡುಕ್ತೀನಿ."

ಮರುದಿನದಿಂದ ಸಂಜೆ ಆರರಿಂದ ಎಂಟು ಅಡಿಗೆಮನೆ ಪ್ರಾಣೇಶನದಾಯಿತು, ಗ್ಯಾರೇಜು ಕೌಸಲ್ಯಾಳದು. ಮೊದಲ ಸಂಜೆ ಗ್ಯಾರೇಜಿನ ಬಾಗಿಲು ಒಂಬತ್ತು ಸಲ ತೆರೆಯಿತು.

"ಸಾಸಿವಿ ಎಲ್ಲದ?"

"ಕೆಂಪು ಮುಚ್ಚಳದ ಡಬ್ಬ್ಯಾಗ."

"ಅದರಾಗ ಮೆಂತ್ಯ ಅದ."

"ಹಂಗಾದ್ರ ಮೆಂತ್ಯದ ಡಬ್ಬ್ಯಾಗ ನೋಡ್ರಿ."

"ಬ್ಯಾಳಿ ಬೆಂದದ್ದು ಹೆಂಗ ಗೊತ್ತಾಗ್ತದ?"

"ರೀ, ನಾ ಬ್ರೇಕಿನ್ಯಾಗಿದ್ದೀನಿ!" ಎಂದು ಕೌಸಲ್ಯಾ ಬಾಗಿಲಿಗೆ ಚಿಲಕ ಹಾಕಿದಳು.

ಅನು ಬಾಗಿಲ ಸಂದಿಯಿಂದ ವರದಿ ಒಪ್ಪಿಸುತ್ತಿದ್ದಳು: "ಅಮ್ಮಾ, ಡ್ಯಾಡಿ ಬರ್ನ್ಡ್ ದಿ ರೈಸ್." ಸ್ವಲ್ಪ ಹೊತ್ತಿಗೆ, "ಅಮ್ಮಾ, ಹಿ ಈಸ್ ಕಟಿಂಗ್ ದಿ ಬರ್ನ್ಡ್ ಪಾರ್ಟ್ ವಿತ್ ಸಿಸರ್ಸ್." ಕೌಸಲ್ಯಾ ಏಳಲಿಲ್ಲ. ಏಳುವುದು ಬಾರಿಸುವುದಕ್ಕಿಂತ ಸುಲಭವಿತ್ತು. ಕಾಲು ತಾನಾಗಿ ಎದ್ದು ನಿಲ್ಲಲು ನೋಡುತ್ತಿತ್ತು. ಅದರ ಮೇಲೆ ಪಿಟೀಲಿನ ಭಾರ ಊರಿ ಕೂತಳು.

ಬ್ರೇಕ್ ಅಂದರೆ ಹದಿನಾರು ಬಾರ್, ಬಾರಿಗೆ ಎರಡು ಪೆಟ್ಟು, ಎಂದಿದ್ದ ವಾಲ್ಟರ್. ಅವಳು ಬೆರಳು ಮಡಚಿ ಎಣಿಸಿ ನೋಡಿದಳು. ತೀನ್‌ತಾಲದ ಎರಡು ಆವರ್ತನ, ಅಷ್ಟೇ. ಅಷ್ಟರಲ್ಲಿ ಅವಳ ಗುರುಗಳು ಕಮಾನಿಗೆ ರಾಳ ಕೂಡ ಹಚ್ಚುತ್ತಿರಲಿಲ್ಲ. ಒಂಬತ್ತು ವರ್ಷ ಹಿಗ್ಗಿಸುವುದನ್ನೇ ಕಲಿತವಳು ಒಂದು ವಾರದಲ್ಲಿ ಕುಗ್ಗಿಸುವುದನ್ನು ಕಲಿತಳು. ಶನಿವಾರ ವಾಲ್ಟರ್ ಗಲ್ಲ ಎತ್ತಿ, ಈ ಸಲ ಎಚ್ಚರಿಕೆಯಿಂದ, "ಪ್ಲೇ, ಕೌಸಲ್ಯಾ!" ಎಂದ. ಅವಳು ಎರಡು ಆವರ್ತನದಲ್ಲಿ ಗಣಿಗೆ ಇಳಿದು, ಅಪ್ಪನನ್ನು ಹುಡುಕಿ, ಮೇಲಕ್ಕೆ ತಂದು ಮಲಗಿಸಿದಳು. ಮರ್ರಿ ತಾಳ ತಪ್ಪಿದ. ಟ್ರೆಂಟನ್ನಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಆ ದಿನ ಉಪ್ಪಿಟ್ಟಿರಲಿಲ್ಲ. ಮರ್ರಿಯ ಹೆಂಡತಿ ಕಳಿಸಿದ ಬೇಗಲ್ ಎಂಬ ಬಳೆಯಂಥ ಬ್ರೆಡ್ಡುಗಳನ್ನು ಪ್ರಾಣೇಶ ಉಪ್ಪಿನಕಾಯಿ ಹಚ್ಚಿ ಕೊಟ್ಟ. ಎರಡು ವಾರ ಹಾಗೇ ಕಳೆಯಿತು. ಪ್ರಾಣೇಶನ ಅನ್ನ ಅನ್ನದ ಬಣ್ಣಕ್ಕೆ ಬಂತು.

ಸ್ಪರ್ಧೆಯ ದಿನ ಮೈದಾನದಲ್ಲಿ ನಾನೂರು ಜನ ಮಡಿಸುವ ಕುರ್ಚಿಗಳಲ್ಲಿ ಕೂತಿದ್ದರು. ಎಲ್ಲ ಗುರುತಿಲ್ಲದವರು. ಕೌಸಲ್ಯಾ ಇಳಕಲ್ ಸೀರೆ ಉಟ್ಟು, ಮಡಚಿದ ಬೆಡ್‌ಶೀಟ್ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ಟೇಜಿನ ಹಿಂದೆ ನಿಂತಳು. ಅವರಿಗಿಂತ ಮುಂಚಿನ ಬ್ಯಾಂಡು ಬಾರಿಸುವುದನ್ನು ನೋಡಿದಾಗ ನಾಲ್ವರಿಗೂ ಒಮ್ಮೆಲೇ ವಿಷಯ ಹೊಳೆಯಿತು. ಸ್ಟೇಜಿನ ನಡುವೆ ಒಂದೇ ಒಂದು ಮೈಕು. ಎಲ್ಲರೂ ಅದರ ಸುತ್ತ ನಿಂತು, ಬ್ರೇಕ್ ಬಂದವರು ಮುಂದೆ ಬಂದು ಅದಕ್ಕೆ ವಾದ್ಯ ಒಡ್ಡಬೇಕು. ಮೈಕು ಎದೆಯ ಎತ್ತರಕ್ಕಿತ್ತು. ಕೌಸಲ್ಯಾ ಕೂರುವುದು ನೆಲದ ಮೇಲೆ. ಗ್ಯಾರೇಜಿನಲ್ಲಿ ಮೈಕೇ ಇರಲಿಲ್ಲ, ಹಾಗಾಗಿ ಯಾರೂ ಯೋಚಿಸಿರಲಿಲ್ಲ.

"ನಿಂತು ಬಾರಿಸಲು ಆಗುವುದಿಲ್ಲವೆ?" ಎಂದ ವಾಲ್ಟರ್.

"ನೀವು ಮಲಗಿ ಹಾಡುತ್ತೀರಾ?" ಎಂದಳು ಕೌಸಲ್ಯಾ.

ಸ್ಟೇಜಿನ ಹುಡುಗನನ್ನು ಕೇಳಿದರೆ, ಸ್ಟ್ಯಾಂಡು ಇನ್ನು ಕೆಳಗೆ ಇಳಿಯದು, ಬೇಕಿದ್ದರೆ ಮೈಕು ಕಳಚಿ ಯಾರಾದರೂ ಕೈಯಲ್ಲಿ ಹಿಡಿಯಬಹುದು ಎಂದ. ವಾಲ್ಟರ್ ಗಿಟಾರು ಬಿಟ್ಟರೆ ಶ್ರುತಿ ಇಲ್ಲ. ಮರ್ರಿ ಬ್ಯಾಸು ಬಿಟ್ಟರೆ ತಾಳ ಇಲ್ಲ, ಬ್ಯಾಸೂ ಬೀಳುತ್ತದೆ. ಎಲ್ಲರ ಕಣ್ಣೂ ಬ್ಯಾಂಜೊ ಕಡೆ ತಿರುಗಿತು.

"ನಾನಾ?" ಎಂದ ಪ್ರಾಣೇಶ. "ನನ್ನ ಬ್ಯಾಂಜೊ?"

"ಹದಿನಾರು ಬಾರ್, ಅಷ್ಟೇ," ಎಂದು ವಾಲ್ಟರ್ ಅವನ ಬೆನ್ನು ತಟ್ಟಿದ.

ಹಾಡು ಶುರುವಾಯಿತು. ಎರಡು ನುಡಿ ಮುಗಿದವು. ಪ್ರಾಣೇಶ ಬ್ಯಾಂಜೊ ಬೆನ್ನಿಗೆ ಸರಿಸಿ, ಮೈಕು ಕಳಚಿ, ಮಂಡಿಯೂರಿ, ಹೆಂಡತಿಯ ಪಿಟೀಲಿನ ಮುಂದೆ ಎರಡೂ ಕೈಯಿಂದ ಹಿಡಿದ. ಕೌಸಲ್ಯಾಳ ಮೊದಲ ಸ್ವರ ಮೈದಾನದ ತುದಿಯಲ್ಲಿದ್ದ ಫೈರ್ ಟ್ರಕ್ಕಿಗೆ ತಾಗಿ ವಾಪಸು ಬಂತು. ಅದು ಅವಳದೇ ದನಿ, ಆದರೆ ಅಷ್ಟು ದೊಡ್ಡದಾಗಿ ಅವಳೂ ಎಂದೂ ಕೇಳಿರಲಿಲ್ಲ. ಕುರ್ಚಿಗಳಲ್ಲಿ ಮಾತು ನಿಂತಿತು. ಸೋಡಾ ಮಾರುವವಳು ತಿರುಗಿ ನೋಡಿದಳು.

ಎರಡು ಆವರ್ತನ ಮುಗಿಯಿತು. ಪ್ರಾಣೇಶ ಮೈಕು ಹಿಂದಕ್ಕೆ ತೆಗೆಯಲು ಹೋದ. ಕೌಸಲ್ಯಾ ಕತ್ತು ಅಲ್ಲಾಡಿಸಿದಳು.

"ಮುಗೀತಲ್ಲ!" ಎಂದ ಪಿಸುಗುಟ್ಟಿ. ಮೈಕಿನಲ್ಲಿ ಅದು ನಾನೂರು ಜನರಿಗೂ ಕೇಳಿಸಿತು.

"ಹಿಡೀರಿ," ಎಂದಳು ಅವಳು. ಅದೂ ಕೇಳಿಸಿತು.

ಅವನು ಹಿಡಿದ. ವಾಲ್ಟರ್ ಮೂರನೆಯ ನುಡಿ ಎತ್ತಿಕೊಂಡ. ಮೈಕಿಲ್ಲದೆ ಅದು ಅವನಿಗೊಬ್ಬನಿಗೇ ಕೇಳಿಸಿ, ಅವನೂ ಬಿಟ್ಟುಬಿಟ್ಟ. ನಾಲ್ಕು ಆವರ್ತನವಾಯಿತು, ಆರಾಯಿತು. ಪ್ರಾಣೇಶ ಒಂದು ಮೊಣಕೈಯನ್ನು ಇನ್ನೊಂದು ಕೈಯಿಂದ ಎತ್ತಿಹಿಡಿದ. ಮಂಡಿ ಬದಲಿಸಿದ. ಕೌಸಲ್ಯಾ ಕಣ್ಣು ಮುಚ್ಚಿದ್ದಳು. ಸಮಯ ನೋಡುವ ಹೆಂಗಸು ಗಂಟೆ ಬಾರಿಸಿದಾಗ, ಮುಂದಿನ ಸಾಲಿನ ಮುದುಕನೊಬ್ಬ ಗಂಟೆಯವಳನ್ನೇ ಗದರಿಸಿದ. ಎರಡನೆಯ ಗಂಟೆಗೆ ಕೌಸಲ್ಯಾ ಕಮಾನು ಎತ್ತಿದಳು.

ಏಳು ಬ್ಯಾಂಡುಗಳಲ್ಲಿ ರಾರಿಟನ್ ರಿಡ್ಜ್ ಬಾಯ್ಸ್ ಐದನೆಯವರಾದರು. ತೀರ್ಪಿನ ಹಾಳೆಯಲ್ಲಿ ಹೀಗಿತ್ತು: "ಫಿಡ್ಲ್ ಬಹಳ ಚೆನ್ನಾಗಿದೆ. ಹಾಡು ಮುಗಿಯಲಿಲ್ಲ." ವಾಲ್ಟರ್ ಅದನ್ನು ಮೂರು ಸಲ ಓದಿ, ಮಡಚಿ ಕೌಸಲ್ಯಾಳ ಕೈಗೆ ಕೊಟ್ಟ. ಮರ್ರಿ ಬ್ಯಾಸನ್ನು ಸ್ಟೇಷನ್ ವ್ಯಾಗನ್ನಿಗೆ ತುರುಕುತ್ತ ಒಬ್ಬನೇ ನಗುತ್ತಿದ್ದ.

ಪ್ರಾಣೇಶ ಹುಲ್ಲಿನ ಮೇಲೆ ಕೂತು ಮಣಿಕಟ್ಟು ತಿಕ್ಕಿಕೊಳ್ಳುತ್ತಿದ್ದ.

"ಎಷ್ಟೊತ್ತು ಬಾರಸ್ತೀಯವಾ ಮಾರಾಯ್ತಿ," ಎಂದ. "ಕೈ ಬಿದ್ದು ಹೋಗೂದೊಂದು ಬಾಕಿ. ಅರ್ಧ ತಾಸಾತು ಏನೋ."

"ಮೂರು ನಿಮಿಷರೀ," ಎಂದಳು ಕೌಸಲ್ಯಾ, ಅವನ ಪಕ್ಕದಲ್ಲಿ ಕೂರುತ್ತ. "ಹಿಡಕೊಂಡು ನಿಂತವ್ರಿಗೆ ಹಂಗ ಅನಸ್ತದ. ಬಾರಸವ್ರಿಗೆ ಗೊತ್ತಾಗಂಗಿಲ್ಲ."

ಅವನ ಕೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು ತಾನೇ ತಿಕ್ಕತೊಡಗಿದಳು.

"ನನಗೂ ಇವತ್ತೇ ಗೊತ್ತಾಗಿದ್ದು," ಎಂದಳು.